ಬೈಗುಳ ಯಾರ ಪಾಲಿಗೆ: ಧಾರಾವಾಹಿ ಬರೆಯುವವಳ ಅನುಭವ

ಕನ್ನಡದ ದಿನವಹಿ ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವುದು ನನ್ನ ವೃತ್ತಿ. ಕಥೆಯ ಯಾವುದೇ ತಿರುವಿಗೆ ವೀಕ್ಷಕರು ಸಿಟ್ಟಾದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅವರು ಬೈಯುತ್ತಿರುವುದು ಪಾತ್ರವನ್ನೋ, ಬರೆದವರನ್ನೋ? "ಆ ನಾದಿನಿಗೆ ಯಾರಾದರೂ ಬುದ್ಧಿ ಕಲಿಸಿ" ಎಂಬ ಮಾತು ಬಂದರೆ ನಾನು ನಿಶ್ಚಿಂತೆಯಿಂದ ಮುಂದಿನ ಸಂಚಿಕೆ ಬರೆಯುತ್ತೇನೆ, ಏಕೆಂದರೆ ಹಾಗೆ ಹೇಳುವವರು ಇನ್ನೂ ಕಥೆಯೊಳಗೇ ಇದ್ದಾರೆ. "ಈ ಡೈರೆಕ್ಟರ್‌ಗೆ ತಲೆ ಇದೆಯಾ" ಎಂಬ ಮಾತು ಹೆಚ್ಚಾದರೆ ಮಾತ್ರ ಹಿಂದಿನ ಸಂಚಿಕೆಗಳ ಕಡತ ತೆಗೆದು ಕೂರುತ್ತೇನೆ. ಪಾಪ, ಆ ಬೈಗುಳವನ್ನು ಕೇಳಿಸಿಕೊಳ್ಳುವ ನಿರ್ದೇಶಕರು ಸೆಟ್ಟಿನಲ್ಲಿ ನಾವು ಕಳಿಸಿದ ದೃಶ್ಯಗಳನ್ನು ಚಿತ್ರೀಕರಿಸುತ್ತಿರುತ್ತಾರೆ. ಜನರ ಸಿಟ್ಟು ನಿಜವಾಗಿ ಸಲ್ಲಬೇಕಾದದ್ದು ಕಥೆಯ ಕೋಣೆಯಲ್ಲಿ ಕುಳಿತ ನಮಗೆ.

ಒಂದು ಟ್ರ್ಯಾಕ್‌ನ, ಅಂದರೆ ಕಥೆಯ ಒಂದು ಎಳೆಯ, ಉದಾಹರಣೆ ಕೊಟ್ಟರೆ ಇದು ಸ್ಪಷ್ಟವಾಗಬಹುದು. ಕೂಡುಕುಟುಂಬವೊಂದರ ಹಿರಿಯ ಸೊಸೆಗೆ, ತನ್ನ ನಾದಿನಿಯನ್ನು ಮದುವೆಯಾಗಲಿರುವ ಹುಡುಗ ಮೋಸಗಾರನೆಂಬುದು ನಿಶ್ಚಿತಾರ್ಥಕ್ಕೆ ಮೊದಲೇ ತಿಳಿಯುತ್ತದೆ, ಆದರೂ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಚಾನೆಲ್‌ನಲ್ಲಿ ಧಾರಾವಾಹಿಗಳನ್ನು ನೋಡಿಕೊಳ್ಳುವ ಫಿಕ್ಷನ್ ತಂಡಕ್ಕೆ ಆ ಮೌನ ಮದುವೆಯ ಮಹಾಸಂಚಿಕೆಯವರೆಗೂ ಬೇಕಾಗಿತ್ತು. ಪ್ರಸಾರ ಆರಂಭವಾದ ಮೇಲೆ ಅರಸೀಕೆರೆಯಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿ, "ಅಲ್ಲ ಕಣೇ, ಆ ಹುಡುಗಿಯ ಬಾಯಿ ಬಿದ್ದುಹೋಗಿದೆಯೇನೇ? ಗಂಡನ ಹತ್ತಿರ ಒಂದು ಮಾತು ಹೇಳೋಕೆ ಏನು ಕಷ್ಟ? ನೀವೇ ಅವಳ ಬಾಯಿಗೆ ಬಟ್ಟೆ ತುರುಕಿದ್ದೀರಿ ಬಿಡು" ಎಂದರು. ಬೇರೆ ಕಡೆಗಳಿಂದ ಬಂದ ಪ್ರತಿಕ್ರಿಯೆಗಳೂ ಹೆಚ್ಚು ಕಡಿಮೆ ಅದೇ ಧಾಟಿಯಲ್ಲಿದ್ದವು. ಮೌನ ಅವಳದಲ್ಲ, ನಮ್ಮದು ಎಂಬುದನ್ನು ವೀಕ್ಷಕರು ಕಂಡುಹಿಡಿದಿದ್ದರು.

ಇಂಥ ಸಂದರ್ಭದಲ್ಲಿ ತಂಡದಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ ಎರಡು: ಟ್ರ್ಯಾಕನ್ನು ಬೇಗ ಮುಗಿಸುವುದು, ಇಲ್ಲವೇ ಇನ್ನೊಂದು ದೊಡ್ಡ ತಿರುವು ತಂದು ಇದನ್ನು ಮರೆಸುವುದು. ನಾನು ಎರಡನ್ನೂ ಒಪ್ಪದೆ, ಆ ಮೌನಕ್ಕೆ ಕಾರಣವನ್ನು ಕೊಡುವ ಒಂದೇ ದೃಶ್ಯವನ್ನು ಬರೆದೆ. ಅಡುಗೆಮನೆಯಲ್ಲಿ ಅವಳು ಗಂಡನಿಗೆ ಹೇಳಲು ಬಾಯಿ ತೆರೆಯುತ್ತಾಳೆ; ಅಷ್ಟರಲ್ಲಿ ಒಳಗೆ ಬರುವ ಅತ್ತೆ, ಹಿಂದೊಮ್ಮೆ ಇದೇ ಸೊಸೆಯ ಮಾತು ನಂಬಿ ಮುರಿದುಹೋದ ಸಂಬಂಧವನ್ನು ನೆನಪಿಸಿ, "ಈ ಮನೆಯ ಹೆಣ್ಣುಮಗಳ ಶುಭಕಾರ್ಯಕ್ಕೆ ನೀನು ಮತ್ತೆ ಬಾಯಿ ಹಾಕಬೇಡಮ್ಮ" ಎಂದು ಕೈಮುಗಿಯುತ್ತಾರೆ. ಗದರಿದ್ದರೆ ಸೊಸೆ ಎದುರು ಮಾತಾಡಬಹುದಿತ್ತು, ಕೈಮುಗಿದ ಹಿರಿಯರೆದುರು ಅವಳಿಗೆ ದಾರಿಯಿಲ್ಲ. ಕೆಲವು ದಿನಗಳ ಸಂಚಿಕೆಗಳ ಚಿತ್ರೀಕರಣ ಮೊದಲೇ ಮುಗಿದು ಬ್ಯಾಂಕಿಂಗ್‌ನಲ್ಲಿ, ಅಂದರೆ ಪ್ರಸಾರಕ್ಕೆ ಕಾಯುವ ದಾಸ್ತಾನಿನಲ್ಲಿ, ಇದ್ದುದರಿಂದ ಈ ದೃಶ್ಯ ತೆರೆಗೆ ಬರುವುದು ತಡವಾಯಿತು, ಮತ್ತು ಅಷ್ಟು ದಿನ ಬೈಗುಳ ಕೇಳುವುದು ಅನಿವಾರ್ಯವಾಗಿತ್ತು. ಅದು ಪ್ರಸಾರವಾದ ನಂತರವೂ ಬೈಗುಳ ನಿಲ್ಲಲಿಲ್ಲ. ಆದರೆ ಅದು ಅತ್ತೆಯ ಕಡೆಗೆ ತಿರುಗಿತು. ನನಗೆ ಬೇಕಾದದ್ದೂ ಅಷ್ಟೇ.

ಬೇರೆಯವರ ಕೆಲಸವನ್ನೂ ನಾನು ಇದೇ ದೃಷ್ಟಿಯಿಂದ ನೋಡುತ್ತೇನೆ. ಕಲರ್ಸ್ ಕನ್ನಡದಲ್ಲಿ 2020ರಲ್ಲಿ ಆರಂಭವಾದ 'ಕನ್ನಡತಿ'ಯ ವರೂಧಿನಿ, ನಾಯಕ ಹರ್ಷನನ್ನು ಪಡೆಯುವ ಹಟದಲ್ಲಿ ಸ್ವಂತ ಗೆಳತಿ ಭುವನೇಶ್ವರಿಯ ದಾರಿಗೇ ಅಡ್ಡ ಬಂದವಳು. ಆದರೂ ಅವಳಿಗೆ ಅವಳದೇ ಅಭಿಮಾನಿಗಳಿದ್ದರು. ಸಾರಾ ಅಣ್ಣಯ್ಯ ಅವರ ಅಭಿನಯಕ್ಕೆ ಅದರಲ್ಲಿ ದೊಡ್ಡ ಪಾಲಿದೆ ಎಂಬುದನ್ನು ಒಪ್ಪುತ್ತಲೇ, ಬರವಣಿಗೆಯವಳಾಗಿ ನನಗೆ ಕಾಣುವುದು ಬೇರೆ: ಅವಳಿಗೆ ಏನು ಬೇಕು, ಏಕೆ ಬೇಕು ಎಂಬುದು ಎಂದೂ ಮುಚ್ಚಿರಲಿಲ್ಲ. ಕಾರಣ ಗೊತ್ತಿದ್ದ ಕೇಡನ್ನು ವೀಕ್ಷಕರು ಖಂಡಿಸುತ್ತಾರೆ, ಆದರೆ ಕೇಡು ಮಾಡುವವಳನ್ನು ಬಿಟ್ಟುಕೊಡುವುದಿಲ್ಲ.

ನಾಯಕನ ವಿಷಯದಲ್ಲಿ ಲೆಕ್ಕ ಹೀಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ'ಯ ರೀಮೇಕ್ ಆಗಿದ್ದರಿಂದ, ಹುಡುಕಿ ಓದುವ ಅಭ್ಯಾಸವಿದ್ದ ವೀಕ್ಷಕರಿಗೆ ನಾಯಕನಿಗೊಂದು ಕರಾಳ ಭೂತಕಾಲವಿದೆಯೆಂದು ಮೊದಲೇ ಗೊತ್ತಿತ್ತು. ಆರ್ಯವರ್ಧನ್ ಮತ್ತು ಅನು ಸಿರಿಮನೆಯ ನಡುವಿನ ವಯಸ್ಸಿನ ಅಂತರವನ್ನು ಮರೆತು ಆ ಜೋಡಿಯನ್ನು ಮೆಚ್ಚಿಕೊಂಡಿದ್ದವರಿಗೆ, ಆ ತಿರುವು ಇಲ್ಲಿ ಬಾರದೇ ಇರಲಿ ಎಂಬ ಆಸೆಯೂ ಇತ್ತು. ನನ್ನ ಬಳಗದಲ್ಲಿಯೇ ಅಂಥವರು ಅನೇಕರಿದ್ದರು. ಅವರೊಡನೆ ಮಾತಾಡುತ್ತಾ ನಾನು ಕಂಡುಕೊಂಡದ್ದೆಂದರೆ, ಕಥೆ ಮೊದಲೇ ಗೊತ್ತಾದುದರಿಂದ ಕುತೂಹಲ ಸಾಯುವುದಿಲ್ಲ, ಅದು ಜಾಗ ಬದಲಿಸುತ್ತದೆ. ಅವನು ಏನು ಮಾಡಿದ್ದ ಎಂಬುದಕ್ಕಿಂತ ಅವಳಿಗೆ ಯಾವಾಗ ತಿಳಿಯುತ್ತದೆ, ತಿಳಿದ ದಿನ ಅವಳು ಎದ್ದು ನಿಲ್ಲುತ್ತಾಳೋ ಕುಸಿಯುತ್ತಾಳೋ ಎಂಬುದನ್ನೇ ಅವರು ಕಾಯುತ್ತಿದ್ದರು. ಅಂದಿನಿಂದ, ರೀಮೇಕ್ ಬರೆಯುವಾಗ ನಾನು ಗುಟ್ಟು ಕಾಪಾಡುವ ಗೋಜಿಗೆ ಹೋಗದೆ, ಗುಟ್ಟು ತಿಳಿಯುವ ಪಾತ್ರದ ದೃಶ್ಯಗಳಿಗೆ ಹೆಚ್ಚು ಸಮಯ ಕೊಡುತ್ತೇನೆ.

ಇನ್ನು ಟಿಆರ್‌ಪಿಯ ಮಾತು. ಟಿವಿ ವೀಕ್ಷಣೆಯನ್ನು ಅಳೆಯುವ ಸಂಸ್ಥೆಯಾದ ಬಾರ್ಕ್ ಶನಿವಾರದಿಂದ ಶುಕ್ರವಾರದವರೆಗಿನ ವಾರದ ಅಂಕಿಗಳನ್ನು ಮುಂದಿನ ಗುರುವಾರ ಬಿಡುಗಡೆ ಮಾಡುತ್ತದೆ, ಮತ್ತು ನಮ್ಮ ಗುರುವಾರಗಳ ಗತಿಯೇ ಬೇರೆ. ಅತಿ ಹೆಚ್ಚು ಬೈಸಿಕೊಂಡ ವಾರದಲ್ಲೇ ಅಂಕಿ ಏರಿದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಆಗ, "ಬೈಯಲಿ ಬಿಡಿ, ನೋಡುತ್ತಿದ್ದಾರಲ್ಲ" ಎಂಬ ಸಮಾಧಾನ ಸಭೆಯಲ್ಲಿ ತಪ್ಪದೆ ಕೇಳಿಬರುತ್ತದೆ. ಈ ಸಮಾಧಾನದಲ್ಲಿ ನನಗೆ ಅರ್ಧ ನಂಬಿಕೆ ಮಾತ್ರ. ಪಾತ್ರದ ಮೇಲಿನ ಸಿಟ್ಟಿನಿಂದ ಏರಿದ ಅಂಕಿ ಆ ಸಿಟ್ಟು ತೀರುವವರೆಗೂ ನಿಲ್ಲುತ್ತದೆ. ಬರೆದವರ ಮೇಲಿನ ಸಿಟ್ಟಿನಿಂದ ಏರಿದ್ದು ನಗೆಪಾಟಲಿನ ಫಲ, ಮತ್ತು ನಗಲು ಬಂದವರು ಮರುವಾರ ಇನ್ನೊಂದು ಚಾನೆಲ್‌ನಲ್ಲಿರುತ್ತಾರೆ. ಅಂಕಿಯೊಂದೇ ಈ ಭೇದವನ್ನು ತೋರಿಸದ ಕಾರಣ, ಗುರುವಾರದ ಸಭೆಗೆ ನಾನು ಚಿಕ್ಕಮ್ಮನಂಥವರ ಮಾತುಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು ಹೋಗುತ್ತೇನೆ.

ಎಲ್ಲ ಬೇಡಿಕೆಯನ್ನೂ ನಾನು ಈಡೇರಿಸುತ್ತೇನೆಂದಲ್ಲ. ಈಗ ಬರೆಯುತ್ತಿರುವ ಧಾರಾವಾಹಿಯಲ್ಲಿ ಗಂಡನಿಂದ ಕೈ ಮಾಡಿಸಿಕೊಂಡ ನಾಯಕಿ ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದಾಳೆ. ಜೋಡಿಯ ಅಭಿಮಾನಿಗಳು ಇಬ್ಬರನ್ನೂ ಒಂದು ಮಾಡಿ ಎಂದು ಪ್ರತಿದಿನ ಒತ್ತಾಯಿಸುತ್ತಿದ್ದಾರೆ, ಚಾನೆಲ್ ಕೂಡ ಯುಗಾದಿಯ ವಿಶೇಷ ಸಂಚಿಕೆಗೆ ಅದನ್ನೇ ಕೇಳುತ್ತಿದೆ. ಅವರು ಒಂದಾಗುವುದಾದರೆ ಅದಕ್ಕೆ ಮೊದಲು ಆತ ತನ್ನ ತಾಯಿಯ ಎದುರು, ಮನೆಯವರೆಲ್ಲ ಕೇಳುವಂತೆ ತಪ್ಪೊಪ್ಪಿಕೊಳ್ಳುವ ದೃಶ್ಯವೊಂದು ಬೇಕೆಂದು ಪಟ್ಟು ಹಿಡಿದಿದ್ದೇನೆ. ನಾಯಕನ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಅದನ್ನು ಈವರೆಗೆ ಯಾರೂ ಒಪ್ಪಿಲ್ಲ, ಹಾಗಾಗಿ ಆಕೆಯನ್ನು ನಾನು ಇನ್ನೂ ವಾಪಸು ಕರೆಸಿಲ್ಲ.