ಜಳಕದ ಹೊತ್ತಲ್ಲೇ ಎದೆ ನೋಡಿಕೊಳ್ಳಿ

ನಾನು ಯಾದಗಿರಿ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ. ಮೊಣಕಾಲು ನೋವನ್ನು ನಮ್ಮ ಹೆಂಗಸರು ಕಟ್ಟೆಯ ಮೇಲೆ ಕೂತು ಹೇಳುತ್ತಾರೆ. ಎದೆಯ ಗಂಟನ್ನು ಮಾತ್ರ ಬಾಗಿಲು ಹಾಕಿದ ಮೇಲೇ ಹೇಳುವುದು.

ಮುಟ್ಟು ಮುಗಿದ ಮೂರ್ನಾಲ್ಕು ದಿನಕ್ಕೆ, ಮೈಗೆ ಸೋಪು ಇರುವಾಗಲೇ ನೋಡಿಕೊಳ್ಳಿ. ಮುಟ್ಟಿಗೆ ಮುಂಚೆ ಎದೆ ಬಿಗಿದು ನೋಯುತ್ತದೆ, ಆಗ ಕೈಗೆ ಸಿಕ್ಕಿದ್ದೆಲ್ಲ ಗಂಟೇ ಅನಿಸುತ್ತದೆ. ಮುಟ್ಟೇ ನಿಂತವರು ತಿಂಗಳಿಗೊಂದು ತಾರೀಖು ಇಟ್ಟುಕೊಳ್ಳಿ. ಒಂದು ಕೈ ತಲೆಯ ಹಿಂದೆ. ಇನ್ನೊಂದರ ನಡುವಿನ ಮೂರು ಬೆರಳನ್ನು, ಕೈ ಎತ್ತಿದ ಕಡೆಯ ಎದೆಯ ಮೇಲೆ ಚಪ್ಪಟೆಯಾಗಿಟ್ಟು ಸುತ್ತು ಸುತ್ತಾಗಿ ಒತ್ತಿ, ಹಿಂಡಬೇಡಿ. ಕಂಕುಳವರೆಗೂ ಹೋಗಿ. ಜಾಸ್ತಿ ಜನ ಬಿಡುವುದು ಅದನ್ನೇ.

ಹರೆಯದವರಲ್ಲಿ ನುಣ್ಣಗೆ, ಬೆರಳಿನಡಿ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೋಅಡಿನೋಮಾ, ಕ್ಯಾನ್ಸರ್ ಅಲ್ಲ. ಗಟ್ಟಿಯಾಗಿ ಕಚ್ಚಿಕೊಂಡ ಗಂಟು, ಹೊಸದಾಗಿ ಒಳಗೆ ಹೋದ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂಥ ಚರ್ಮ ಕಂಡರೆ ಆ ವಾರವೇ ಹೊರಡಿ. ನೋವಿಲ್ಲವಲ್ಲ ಅಂತ ಸುಮ್ನೆ ಕೂರಬೇಡಿ, ಕ್ಯಾನ್ಸರ್ ಗಂಟು ಶುರುವಿಗೆ ಬಹಳ ಸಲ ನೋಯುವುದೇ ಇಲ್ಲ. ಸೊಪ್ಪು ಕಟ್ಟಿ ದಿನ ಕಳೆಯುವುದೂ ಬೇಡ.

ಜಾರುವ ಗಂಟಾದರೂ ಡಾಕ್ಟರಿಗೆ ತೋರಿಸಿ, ಬೆರಳನ್ನೇ ನಂಬಿ ಕೂರೋದಲ್ಲ. ಸಣ್ಣ ವಯಸ್ಸಿಗೆ ಸೋನೋಗ್ರಫಿ, 40 ದಾಟಿದರೆ ಮ್ಯಾಮೊಗ್ರಾಮ್ ಅಂದರೆ ಎದೆಯ ಎಕ್ಸ್-ರೇ, ಅನುಮಾನ ಇದ್ದರೆ ಸೂಜಿ ಪರೀಕ್ಷೆ. ಚುಚ್ಚಿದರೆ ಹರಡುತ್ತೆ ಅಂತ ಹೆದರಿ ಅದನ್ನು ತಪ್ಪಿಸಬೇಡಿ. ಬೆಂಗಳೂರಿಗೇ ಓಡಬೇಕಿಲ್ಲ, ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ. ರೇಷನ್ ಕಾರ್ಡ್, ಆಧಾರ್ ಎರಡೂ ಚೀಲಕ್ಕೆ ಹಾಕಿಕೊಳ್ಳಿ.