ಬ್ರಿಟನ್ನಿನ ವಿಮಾನ ಸಂಸ್ಥೆಗಳಲ್ಲಿ ಎಷ್ಟು ಬಗೆ, ಯಾವುದರಲ್ಲಿ ನಮಗೇನು ಹಕ್ಕು

ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರು ವಿಮಾನದ ಟಿಕೆಟ್ ಕೊಳ್ಳುವಾಗ ಸಾಮಾನ್ಯವಾಗಿ ದರ ಎಷ್ಟು, ಎಷ್ಟು ಕಿಲೋ ಸಾಮಾನು ಒಯ್ಯಬಹುದು ಎಂಬೆರಡನ್ನೇ ವಿಚಾರಿಸುತ್ತಾರೆ. ವಿಮಾನವನ್ನು ನಿಜವಾಗಿ ಹಾರಿಸುವ ಸಂಸ್ಥೆ ಯಾವ ಬಗೆಯದು, ಅದು ಯಾವ ದೇಶದ್ದು ಎಂಬುದನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ವಿಮಾನ ತಡವಾದರೆ, ರದ್ದಾದರೆ ಅಥವಾ ಸಂಸ್ಥೆಯೇ ಬಾಗಿಲು ಮುಚ್ಚಿದರೆ ನಮಗೆ ಏನು ದಕ್ಕುತ್ತದೆ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಇಲ್ಲಿನ ವಿಮಾನಯಾನದ ಮೇಲ್ವಿಚಾರಣೆ 1972ರಲ್ಲಿ ಸ್ಥಾಪನೆಯಾದ ಸಿವಿಲ್ ಏವಿಯೇಷನ್ ಅಥಾರಿಟಿಯದು. 20 ಅಥವಾ ಅದಕ್ಕಿಂತ ಹೆಚ್ಚು ಆಸನಗಳ ವಿಮಾನ ಹಾರಿಸುವ ಬ್ರಿಟಿಷ್ ಸಂಸ್ಥೆಗಳು ‘ಟೈಪ್ ಎ’ ಪರವಾನಗಿ ಪಡೆಯಬೇಕು. ಅದಕ್ಕಿಂತ ಚಿಕ್ಕ ವಿಮಾನಗಳಿಗೆ ‘ಟೈಪ್ ಬಿ’ ಸಾಕು. ಪ್ರಯಾಣಿಕನಿಗೆ ಈ ವಿಂಗಡಣೆಗಿಂತ ಸಂಸ್ಥೆಗಳು ನಡೆಸುವ ವ್ಯವಹಾರದ ರೀತಿ ಮುಖ್ಯ.

ಮೊದಲ ಬಗೆ, ದೂರದ ದೇಶಗಳಿಗೆ ಜಾಲ ಹರಡಿರುವ ಪೂರ್ಣಸೇವೆಯ ಸಂಸ್ಥೆಗಳು. ಬ್ರಿಟಿಷ್ ಏರ್‌ವೇಸ್ 1974ರಲ್ಲಿ ಸರ್ಕಾರಿ ಸಂಸ್ಥೆಗಳ ವಿಲೀನದಿಂದ ಹುಟ್ಟಿ, 1987ರಲ್ಲಿ ಖಾಸಗಿಯಾಗಿ, ಈಗ ಸ್ಪೇನಿನ ಐಬೀರಿಯಾದೊಡನೆ ಒಂದೇ ಸಮೂಹದಲ್ಲಿದೆ. 1984ರಲ್ಲಿ ಆರಂಭವಾದ ವರ್ಜಿನ್ ಅಟ್ಲಾಂಟಿಕ್‌ನ 49 ಶೇಕಡಾ ಪಾಲು ಅಮೆರಿಕದ ಡೆಲ್ಟಾದ್ದು. ಬ್ರಿಟಿಷ್ ಏರ್‌ವೇಸ್ ಬಹುಕಾಲದಿಂದ ಲಂಡನ್ನಿನ ಹೀಥ್ರೂ ಮತ್ತು ಬೆಂಗಳೂರಿನ ನಡುವೆ ನೇರವಾಗಿ ಹಾರುತ್ತಿದೆ. ವರ್ಜಿನ್ 2024ರ ಮಾರ್ಚ್ ಕೊನೆಯಲ್ಲಿ ಈ ಮಾರ್ಗಕ್ಕೆ ಬಂದಿತು. ಏರ್ ಇಂಡಿಯಾ ಕೂಡ ಇದೇ ಮಾರ್ಗದಲ್ಲಿದೆ. ಮೂರೂ ಒಂದೇ ಎಂದು ಭಾವಿಸುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬ್ರಿಟನ್ನಿನಿಂದ ಹೊರಡುವ ಯಾವುದೇ ದೇಶದ ವಿಮಾನಕ್ಕೂ ಇಲ್ಲಿನ ಪರಿಹಾರದ ಕಾನೂನು, ಅಂದರೆ ಯುಕೆ 261, ಅನ್ವಯಿಸುತ್ತದೆ. ಆದರೆ ಹೊರದೇಶದಿಂದ ಬ್ರಿಟನ್ನಿಗೆ ಬರುವಾಗ ಬ್ರಿಟಿಷ್ ಅಥವಾ ಐರೋಪ್ಯ ಒಕ್ಕೂಟದ ಸಂಸ್ಥೆಯ ವಿಮಾನಕ್ಕೆ ಮಾತ್ರ. ಆದ್ದರಿಂದ ಬೆಂಗಳೂರಿನಿಂದ ಲಂಡನ್ನಿಗೆ ಬರುವ ಬ್ರಿಟಿಷ್ ಏರ್‌ವೇಸ್ ವಿಮಾನ ಸಂಸ್ಥೆಯದೇ ಕಾರಣದಿಂದ 4 ಗಂಟೆಗಿಂತ ಹೆಚ್ಚು ತಡವಾದರೆ ತಲಾ 520 ಪೌಂಡ್ ಕೇಳಬಹುದು, 3ರಿಂದ 4 ಗಂಟೆ ತಡವಾದರೆ 260 ಪೌಂಡ್. ಅದೇ ದಿಕ್ಕಿನಲ್ಲಿ ಬರುವ ಏರ್ ಇಂಡಿಯಾ ವಿಮಾನ ಅಷ್ಟೇ ತಡವಾದರೂ ಈ ಕಾನೂನಿನ ಅಡಿಯಲ್ಲಿ ಕೇಳಲು ಬರುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಟಿಕೆಟ್ ಮೇಲಿನ ಹೆಸರಲ್ಲ, ವಿಮಾನ ಹಾರಿಸುವವರ ಹೆಸರು. ಟಿಕೆಟ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಸಂಖ್ಯೆ ಇದ್ದು, ಬೆಂಗಳೂರಿನಿಂದ ದೋಹಾ ಮೂಲಕ ಲಂಡನ್ನಿಗೆ ಕರೆತರುವುದು ಕತಾರ್ ಏರ್‌ವೇಸ್ ಆಗಿದ್ದರೆ, ಬರುವ ದಾರಿಯಲ್ಲಿ ಈ ರಕ್ಷಣೆ ಇಲ್ಲ. ಬುಕ್ ಮಾಡುವ ಪುಟದಲ್ಲಿ ‘ಆಪರೇಟೆಡ್ ಬೈ’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುವ ಸಾಲನ್ನು ಓದಿ ನಂತರವೇ ಹಣ ಕಟ್ಟಬೇಕು. ಊರಿಗೆ ಹೋಗುವಾಗ ಮಾತ್ರ ಕೊಲ್ಲಿಯ ಸಂಸ್ಥೆಗಳೂ ತಪ್ಪಿಸಿಕೊಳ್ಳಲಾರವು: ಇಲ್ಲಿಂದ ಹೊರಟ ಮೊದಲ ವಿಮಾನ ತಡವಾಗಿ ದುಬೈಯಲ್ಲಿ ಮುಂದಿನ ವಿಮಾನ ತಪ್ಪಿದರೆ, ಎರಡೂ ಒಂದೇ ಬುಕಿಂಗ್‌ನಲ್ಲಿದ್ದ ಪಕ್ಷದಲ್ಲಿ, ಕೊನೆಯ ಊರನ್ನು ತಲುಪಿದ ಹೊತ್ತನ್ನೇ ಹಿಡಿದು ಪರಿಹಾರ ಕೊಡಬೇಕೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ತೀರ್ಪು ನೀಡಿದೆ.

ಎರಡನೆಯ ಬಗೆ ಅಗ್ಗದ ದರದ ಸಂಸ್ಥೆಗಳು. 1995ರಲ್ಲಿ ಲೂಟನ್ನಿನಲ್ಲಿ ಶುರುವಾದ ಈಸಿಜೆಟ್, ಐರ್ಲೆಂಡಿನ ರಯನ್‌ಏರ್, ಹಂಗೇರಿಯ ವಿಜ್ ಏರ್ ಇವುಗಳಲ್ಲಿ ಮುಖ್ಯವಾದವು. ಇವು ಮಾರುವುದು ಒಂದು ಊರಿನಿಂದ ಇನ್ನೊಂದು ಊರಿಗೆ ಒಂದು ಆಸನವನ್ನು ಮಾತ್ರ. ಪೆಟ್ಟಿಗೆ, ಆಸನದ ಆಯ್ಕೆ, ತಿಂಡಿ ಎಲ್ಲಕ್ಕೂ ಬೇರೆ ಹಣ. ಬೆಂಗಳೂರಿನಿಂದ ಹೀಥ್ರೂವಿಗೆ ಬಂದ ತಂದೆತಾಯಿಯರನ್ನು ಅದೇ ಸಂಜೆ ಲಂಡನ್ನಿನ ಮತ್ತೊಂದು ವಿಮಾನ ನಿಲ್ದಾಣವಾದ ಸ್ಟ್ಯಾನ್‌ಸ್ಟೆಡ್‌ನಿಂದ ಹೊರಡುವ ಇಂತಹ ವಿಮಾನಕ್ಕೆ ಪ್ರತ್ಯೇಕ ಟಿಕೆಟ್‌ನಲ್ಲಿ ಕೂರಿಸುವ ಯೋಜನೆ ಬೇಡ. ಮೊದಲ ವಿಮಾನ ತಡವಾದರೆ ಎರಡನೆಯ ಟಿಕೆಟ್‌ನ ಹಣ ಹೋದಂತೆಯೇ. ಎರಡೂ ಸಂಸ್ಥೆಗಳಿಗೆ ಒಂದರ ಪ್ರಯಾಣ ಇನ್ನೊಂದಕ್ಕೆ ಸಂಬಂಧಿಸಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೂ ಒಂದನ್ನು ನೆನಪಿಡಬೇಕು: ರಯನ್‌ಏರ್‌ನಲ್ಲಿ ಭದ್ರತಾ ತಪಾಸಣೆಗೆ ಮೊದಲೇ ಕೌಂಟರ್‌ನಲ್ಲಿ ವೀಸಾ ಮತ್ತು ದಾಖಲೆ ಪರಿಶೀಲನೆ ಮಾಡಿಸಿಕೊಳ್ಳಬೇಕು. ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿದೆ ಎಂದು ನೇರ ಗೇಟಿಗೆ ಹೋದವರನ್ನು ಅಲ್ಲಿ ತಡೆಯಬಹುದು. ತಂದೆಯ ಅಥವಾ ಊರಿನ ಹೆಸರನ್ನು ಇನಿಶಿಯಲ್ ಆಗಿ ಬರೆಯುವ ನಮ್ಮ ರೂಢಿಯೂ ಇಲ್ಲಿ ತೊಡಕು ತರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ತುಂಬಬೇಕು, ಹೆಸರು ತಿದ್ದಿಸುವ ಶುಲ್ಕ ಕೆಲವೊಮ್ಮೆ ಟಿಕೆಟ್‌ನ ಬೆಲೆಯನ್ನೂ ಮೀರುತ್ತದೆ.

ಮೂರನೆಯದು ರಜಾ ಪ್ರವಾಸದ ಸಂಸ್ಥೆಗಳು: ಜೆಟ್2 ಮತ್ತು ಟೂಯಿ. ಇವು ವಿಮಾನ, ಹೋಟೆಲು, ಹೋಟೆಲಿನವರೆಗಿನ ಬಸ್ಸು ಎಲ್ಲವನ್ನೂ ಸೇರಿಸಿ ಒಂದೇ ಬೆಲೆಗೆ ಮಾರುತ್ತವೆ. ಹೀಗೆ ವಿಮಾನ ಒಳಗೊಂಡ ಪ್ಯಾಕೇಜಿಗೆ ‘ಆಟಾಲ್’ ಎಂಬ ರಕ್ಷಣೆ ಇರುತ್ತದೆ; ಮಾರಿದ ಸಂಸ್ಥೆ ಮುಚ್ಚಿದರೆ ಹಣ ಮರಳಿಸುವ ಅಥವಾ ಊರಿಗೆ ಕರೆತರುವ ವ್ಯವಸ್ಥೆ ಅದು, ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಎರಡೂವರೆ ಪೌಂಡ್ ಅದರ ನಿಧಿಗೆ ಹೋಗುತ್ತದೆ. 2019ರ ಸೆಪ್ಟೆಂಬರ್ 23ರಂದು ಪ್ರವಾಸ ಸಂಸ್ಥೆ ಥಾಮಸ್ ಕುಕ್ ಕುಸಿದಾಗ ಸುಮಾರು ಒಂದೂವರೆ ಲಕ್ಷ ಜನ ವಿದೇಶಗಳಲ್ಲಿದ್ದರು. ಸಿವಿಲ್ ಏವಿಯೇಷನ್ ಅಥಾರಿಟಿ ವಿಮಾನಗಳನ್ನು ಬಾಡಿಗೆಗೆ ಪಡೆದು ಅವರನ್ನು ಕರೆತಂದಿತು. ಅದಕ್ಕೂ ಎರಡು ವರ್ಷ ಮೊದಲು ಮೊನಾರ್ಕ್ ವಿಮಾನ ಸಂಸ್ಥೆ ಮುಚ್ಚಿದಾಗಲೂ ಹಾಗೆಯೇ ನಡೆದಿತ್ತು. ಆದರೆ ಸಂಸ್ಥೆಯಿಂದ ನೇರವಾಗಿ ಕೊಂಡ ಬರೀ ವಿಮಾನ ಟಿಕೆಟ್‌ಗೆ ಆಟಾಲ್ ಇಲ್ಲ. 2019ರ ಏಪ್ರಿಲ್‌ನಲ್ಲಿ ಭಾರತದ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಬೇಸಿಗೆ ರಜೆಗೆ ಊರಿನ ಟಿಕೆಟ್ ಮಾಡಿಸಿದ್ದವರ ಸಂಕಟ ಇದೇ ಆಗಿತ್ತು. ಅಂತಹ ಹೊತ್ತಿನಲ್ಲಿ ನೆರವಾಗುವುದು 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೆಯ ಕಲಮು: 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್ ಮೀರದ ಬೆಲೆಯ ಟಿಕೆಟನ್ನು ಸಂಸ್ಥೆಯಿಂದಲೇ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆಯಾಗುತ್ತದೆ. ಪರಿಚಯದ ಏಜೆಂಟರಿಗೆ ಹಣ ವರ್ಗಾಯಿಸಿ ಟಿಕೆಟ್ ಮಾಡಿಸುವ ನಮ್ಮವರ ಅಭ್ಯಾಸದಲ್ಲಿ ಈ ಆಸರೆ ಇರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಪ್ರಾದೇಶಿಕ ಸಂಸ್ಥೆಗಳ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ, ಸ್ಕಾಟ್ಲೆಂಡಿನ ದ್ವೀಪಗಳ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುವ ವೈದ್ಯರನ್ನು ಬಿಟ್ಟರೆ. 1962ರಲ್ಲಿ ಸ್ಥಾಪನೆಯಾದ ಲೋಗನ್‌ಏರ್ ಅಲ್ಲಿ ಬಸ್ಸಿನಂತೆ ದುಡಿಯುತ್ತದೆ. ಬಾರಾ ದ್ವೀಪದಲ್ಲಿ ವಿಮಾನ ಇಳಿಯುವುದು ಸಮುದ್ರತೀರದ ಮರಳಿನ ಮೇಲೆ, ಆದ್ದರಿಂದ ವೇಳಾಪಟ್ಟಿ ಭರತ ಇಳಿತಗಳನ್ನು ಅನುಸರಿಸುತ್ತದೆ. ಲಾಭ ಗಿಟ್ಟದ ಕೆಲವು ಮಾರ್ಗಗಳಿಗೆ ಸರ್ಕಾರ ಹಣ ಕೊಟ್ಟು ಸೇವೆ ನಡೆಸುತ್ತದೆ. ಮಂಜು ಕವಿದು ವಿಮಾನ ನಿಂತರೆ ನಗದು ಪರಿಹಾರವಿಲ್ಲ, ಆದರೆ ಊಟ ಮತ್ತು ರಾತ್ರಿಯ ವಸತಿ ಸಂಸ್ಥೆಯದೇ ಹೊಣೆ.

ಸರಕಿನ ವಿಷಯಕ್ಕೆ ಬಂದರೆ, ಹೀಥ್ರೂವಿನ ಸರಕಿನಲ್ಲಿ ಬಹುಪಾಲು ಬರುವುದು ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿಯೇ, ನಮ್ಮ ಸೂಟ್‌ಕೇಸುಗಳ ಪಕ್ಕದಲ್ಲಿ. ಸರಕಿಗೇ ಮೀಸಲಾದ ವಿಮಾನಗಳ ದೊಡ್ಡ ನೆಲೆ ಈಸ್ಟ್ ಮಿಡ್‌ಲ್ಯಾಂಡ್ಸ್ ವಿಮಾನ ನಿಲ್ದಾಣ. ಹೀಥ್ರೂವಿನಲ್ಲಿ ರಾತ್ರಿ ಹಾರಾಟಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ಈಸ್ಟ್ ಮಿಡ್‌ಲ್ಯಾಂಡ್ಸ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವುದರಿಂದ ಡಿಎಚ್‌ಎಲ್, ಯುಪಿಎಸ್‌ನಂತಹ ಕೊರಿಯರ್ ಸಂಸ್ಥೆಗಳು ಅಲ್ಲಿ ಬೇರೂರಿವೆ. ಊರಿನಿಂದ ಬರುವ ಪಾರ್ಸೆಲ್ ಉಡುಗೊರೆಯಾಗಿದ್ದು ಬೆಲೆ 39 ಪೌಂಡ್ ಮೀರದಿದ್ದರೆ ವ್ಯಾಟ್ ಇಲ್ಲ. ಅದಕ್ಕಾಗಿ ಕಳುಹಿಸುವವರು ಒಳಗಿನ ವಸ್ತುಗಳ ನಿಜವಾದ ಬೆಲೆಯನ್ನು ಬರೆಯಬೇಕು.

ಇದೇ ಸರಕು ವಿಭಾಗ ಒಂದು ದುಃಖದ ಸಂದರ್ಭದಲ್ಲೂ ನಮಗೆ ಬೇಕಾಗುತ್ತದೆ. ಇಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ಕಳುಹಿಸುವಾಗ ಅದು ಪ್ರಯಾಣಿಕ ವಿಮಾನದಲ್ಲಿಯೇ, ಸರಕಿನ ಬುಕಿಂಗ್ ಆಗಿ ಹೋಗುತ್ತದೆ. ಮನೆಯವರು ವಿಮಾನ ಸಂಸ್ಥೆಗೆ ಫೋನ್ ಮಾಡಿ ಅಲೆದಾಡಬೇಕಾಗಿಲ್ಲ. ಈ ಕೆಲಸದಲ್ಲಿ ಅನುಭವವಿರುವ ಅಂತ್ಯಕ್ರಿಯೆ ನಿರ್ವಾಹಕರೇ ಅದನ್ನು ಮಾಡುತ್ತಾರೆ. ಮರಣ ನೋಂದಣಿ ಪತ್ರ, ದೇಹವನ್ನು ದೇಶದಿಂದ ಹೊರಗೊಯ್ಯಲು ಕೊರೋನರ್‌ನ (ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ) ಅನುಮತಿ, ದೇಹವನ್ನು ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಭಾರತದ ಹೈಕಮಿಷನ್ನಿನ ನಿರಾಕ್ಷೇಪಣಾ ಪತ್ರ, ಮೃತರ ಪಾಸ್‌ಪೋರ್ಟ್ ಇವಿಷ್ಟೂ ಒಟ್ಟಾಗುವವರೆಗೆ ವಿಮಾನದ ದಿನಾಂಕವನ್ನು ಊರಿನವರಿಗೆ ಖಚಿತವಾಗಿ ತಿಳಿಸದಿರುವುದು ಒಳ್ಳೆಯದು.

ಪರಿಹಾರ ಕೇಳುವವರು ಮೊದಲು ವಿಮಾನ ಹಾರಿಸಿದ ಸಂಸ್ಥೆಗೇ ಬರೆಯಬೇಕು. ತಾಂತ್ರಿಕ ದೋಷ, ಸಿಬ್ಬಂದಿಯ ಅನಾರೋಗ್ಯ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ: ಸಾಮಾನ್ಯ ತಾಂತ್ರಿಕ ದೋಷ, ಪರಿಹಾರದಿಂದ ಸಂಸ್ಥೆಗೆ ವಿನಾಯಿತಿ ಕೊಡುವ ‘ಅಸಾಧಾರಣ ಕಾರಣ’ವಲ್ಲವೆಂದು ಇಲ್ಲಿನ ನ್ಯಾಯಾಲಯ 2014ರಲ್ಲಿಯೂ, ಪೈಲಟ್‌ನ ಅನಾರೋಗ್ಯವೂ ಅಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿಯೂ ಹೇಳಿವೆ. ಎಂಟು ವಾರಗಳಲ್ಲಿ ಒಪ್ಪುವಂತಹ ಉತ್ತರ ಬಾರದಿದ್ದರೆ, ಸಂಸ್ಥೆ ಸದಸ್ಯತ್ವ ಪಡೆದಿರುವ ವ್ಯಾಜ್ಯ ಪರಿಹಾರ ಮಂಡಳಿಗೆ ದೂರು ಕೊಡಬಹುದು. ಸದಸ್ಯತ್ವ ಇಲ್ಲದಿದ್ದರೆ ಸಿವಿಲ್ ಏವಿಯೇಷನ್ ಅಥಾರಿಟಿಗೆ. ನ್ಯಾಯಾಲಯಕ್ಕೆ ಹೋಗಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 6 ವರ್ಷ, ಸ್ಕಾಟ್ಲೆಂಡಿನಲ್ಲಿ 5 ವರ್ಷ ಕಾಲಾವಕಾಶವಿದೆ. ಹಳೆಯ ಬೋರ್ಡಿಂಗ್ ಪಾಸ್ ಮತ್ತು ಈಮೇಲ್‌ಗಳು ಉಳಿದಿದ್ದರೆ ಕೆಲವು ವರ್ಷಗಳ ಹಿಂದಿನ ಪ್ರಯಾಣಕ್ಕೂ ಈಗ ಅರ್ಜಿ ಹಾಕಬಹುದು.