ಹಲವು ಥ್ರೆಡ್‌ಗಳು, ಒಂದೇ ಪಟ್ಟಿ: ಜಾವಾದಲ್ಲಿ ಸುರಕ್ಷಿತವಾಗಿ ಲೂಪ್ ಬರೆಯುವುದು ಹೇಗೆ?

ಚಾಟ್ ಸರ್ವರ್ ಒಂದರಲ್ಲಿ, ಸಂಪರ್ಕದಲ್ಲಿರುವ ಬಳಕೆದಾರರನ್ನೆಲ್ಲ ಒಂದು ಅರೇಲಿಸ್ಟ್‌ನಲ್ಲಿ (ಜಾವಾದ ಸಾದಾ ಪಟ್ಟಿಯಲ್ಲಿ) ಇಟ್ಟಿದ್ದೇವೆ ಎಂದುಕೊಳ್ಳೋಣ. ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ಇತರ ಕೆಲಸಗಳ ಜೊತೆಜೊತೆಗೇ ಸಾಗುವ ಕೆಲಸದ ಎಳೆ) ಆ ಪಟ್ಟಿಯ ಮೇಲೆ ಲೂಪ್ ಓಡಿಸುತ್ತ ಸಂದೇಶ ಕಳುಹಿಸುತ್ತಿರುವಾಗಲೇ ಇನ್ನೊಂದು ಥ್ರೆಡ್ ಹೊಸಬರನ್ನು ಸೇರಿಸಿದರೆ, ಸಾಮಾನ್ಯವಾಗಿ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ. ಪಟ್ಟಿಯು ತನ್ನಲ್ಲಾದ ಸೇರ್ಪಡೆ, ಅಳಿಸುವಿಕೆಗಳನ್ನು 'ಮಾಡ್‌ಕೌಂಟ್' ಎಂಬ ವೇರಿಯಬಲ್‌ನಲ್ಲಿ ಎಣಿಸುತ್ತದೆ. ಲೂಪ್‌ಗೆ ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೊಡುವ ಇಟರೇಟರ್ ತಾನು ಹುಟ್ಟಿದಾಗಿನ ಎಣಿಕೆಯನ್ನು ನೆನಪಿಟ್ಟುಕೊಂಡು, 'ನೆಕ್ಸ್ಟ್' ಮೆಥಡ್ ಕರೆದಾಗಲೆಲ್ಲ ಹೋಲಿಸುತ್ತದೆ; ವ್ಯತ್ಯಾಸ ಕಂಡರೆ ಈ ಎಕ್ಸೆಪ್ಶನ್ ಎಸೆಯುತ್ತದೆ. ಈ ತಪಾಸಣೆಗೆ ಯಾವ ಲಾಕ್‌ನ (ಒಮ್ಮೆಗೆ ಒಂದೇ ಥ್ರೆಡ್‌ಗೆ ಅವಕಾಶ ಕೊಡುವ ಬೀಗದ) ಆಸರೆಯೂ ಇಲ್ಲವಾದ್ದರಿಂದ, ಎಕ್ಸೆಪ್ಶನ್ ಬರಲಿಲ್ಲವೆಂದ ಮಾತ್ರಕ್ಕೆ ಪ್ರೋಗ್ರಾಂ ಸರಿಯಿದೆ ಎನ್ನುವಂತಿಲ್ಲ. ಅದನ್ನು ಕ್ಯಾಚ್ ಮಾಡಿ ಸುಮ್ಮನಾಗುವುದಂತೂ ಪರಿಹಾರವೇ ಅಲ್ಲ.

ಮೊದಲ ಹೆಜ್ಜೆಯಾಗಿ, ಪಟ್ಟಿಯನ್ನು 'ಸಿಂಕ್ರೊನೈಸ್ಡ್‌ಲಿಸ್ಟ್' ಆಗಿ ಮಾಡಿಬಿಟ್ಟರೆ ಸಾಕೆಂಬ ನಂಬಿಕೆಯನ್ನು ಬಿಡಬೇಕು. ಅದು ಸೇರಿಸುವ, ಓದುವ, ತೆಗೆಯುವ ಒಂದೊಂದೇ ಕರೆಯನ್ನು ಲಾಕ್‌ನಿಂದ ರಕ್ಷಿಸುತ್ತದೆ. ಫಾರ್ ಲೂಪ್ ಇಂತಹ ಅನೇಕ ಕರೆಗಳ ಸರಣಿಯಾಗಿರುವುದರಿಂದ, ಎರಡು ಕರೆಗಳ ನಡುವೆ ಬೇರೆ ಥ್ರೆಡ್ ನುಸುಳಬಹುದು. ಆದ್ದರಿಂದ ಇಡೀ ಲೂಪನ್ನು, ಆ ಪಟ್ಟಿಯ ಮೇಲೆಯೇ ಲಾಕ್ ಹಿಡಿಯುವ 'ಸಿಂಕ್ರೊನೈಸ್ಡ್' ಬ್ಲಾಕ್‌ನೊಳಗೆ ಇಡಬೇಕು. ಕೀಲಿ-ಮೌಲ್ಯ ಜೋಡಿಗಳನ್ನು ಇಡುವ 'ಸಿಂಕ್ರೊನೈಸ್ಡ್‌ಮ್ಯಾಪ್'ನ ಕೀಲಿಗಳ ಮೇಲೆ ಲೂಪ್ ಓಡಿಸುವಾಗ ಲಾಕ್ ಹಿಡಿಯಬೇಕಾದದ್ದು ಮ್ಯಾಪ್‌ನ ಮೇಲೆ, ಕೀಸೆಟ್‌ನ (ಅದರ ಕೀಲಿಗಳ ಗುಂಪಿನ) ಮೇಲಲ್ಲ. ಅನುಭವಿಗಳೂ ಇಲ್ಲಿ ಎಡವುತ್ತಾರೆ.

ಆದರೆ ನಮ್ಮ ಸರ್ವರ್ ಲೂಪ್‌ನೊಳಗೆ ನೆಟ್‌ವರ್ಕ್ ಕೆಲಸ ಮಾಡುತ್ತದೆ. ಒಬ್ಬ ಬಳಕೆದಾರರ ಸಂಪರ್ಕ ನಿಧಾನವಾಗಿದ್ದರೂ ಲಾಕ್ ಬಿಡುಗಡೆಯಾಗದೆ ಉಳಿದವರೆಲ್ಲ ಕಾಯಬೇಕಾಗುತ್ತದೆ. ಲೂಪ್‌ನೊಳಗಿಂದ ಕರೆದ ಕೋಡ್ ಇನ್ನೊಂದು ಲಾಕ್‌ಗೆ ಕೈಹಾಕಿದರೆ ಡೆಡ್‌ಲಾಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವುದು) ಕೂಡ ಆಗಬಹುದು. ಇಂತಹ ಕಡೆ ಲಾಕ್ ಹಿಡಿದು ಪಟ್ಟಿಯ ಒಂದು ಪ್ರತಿಯನ್ನು (ನಕಲನ್ನು) ಮಾಡಿಕೊಂಡು, ಲಾಕ್ ಬಿಟ್ಟು, ಆ ಪ್ರತಿಯ ಮೇಲೆ ಲೂಪ್ ಓಡಿಸುವುದು ಲೇಸು. ಪ್ರತಿಯಾಗುವುದು ಪಟ್ಟಿ ಮಾತ್ರ. ಅದರೊಳಗಿನ ಆಬ್ಜೆಕ್ಟ್‌ಗಳು ಹಂಚಿಕೆಯಲ್ಲಿಯೇ ಉಳಿಯುತ್ತವೆ.

2004ರಲ್ಲಿ ಬಂದ ಜಾವಾ 5ರ 'ಜಾವಾ.ಯುಟಿಲ್.ಕನ್‌ಕರೆಂಟ್' ಪ್ಯಾಕೇಜ್‌ನಲ್ಲಿ ಇದಕ್ಕೆ ಸಿದ್ಧ ಸಾಧನಗಳಿವೆ. 'ಕಾಪಿ ಆನ್ ರೈಟ್ ಅರೇಲಿಸ್ಟ್' ಪ್ರತಿ ಬದಲಾವಣೆಗೂ ಒಳಗಿನ ಅರೇಯನ್ನು ಹೊಸದಾಗಿ ನಕಲಿಸುತ್ತದೆ. ಇಟರೇಟರ್ ತಾನು ಹುಟ್ಟಿದಾಗಿನ ಅರೇಯನ್ನೇ ಓದುತ್ತದೆ, ಅದರ ಮೂಲಕ ಅಂಶಗಳನ್ನು ಅಳಿಸಲು ಆಗುವುದಿಲ್ಲ. ಲೂಪ್‌ಗಳು ಹೆಚ್ಚು, ಬದಲಾವಣೆ ವಿರಳ ಎಂಬ ಕಡೆ ಇದಕ್ಕಿಂತ ಸರಳವಾದದ್ದಿಲ್ಲ; ಬಳಕೆದಾರರು ಕ್ಷಣಕ್ಷಣಕ್ಕೂ ಬಂದುಹೋಗುವ ದೊಡ್ಡ ಸರ್ವರ್‌ಗೆ ಇದು ದುಬಾರಿ. ಅಲ್ಲಿ 'ಕನ್‌ಕರೆಂಟ್ ಹ್ಯಾಶ್‌ಮ್ಯಾಪ್' ಹೊಂದುತ್ತದೆ. ಅದರ ಇಟರೇಟರ್ ಮೇಲಿನ ಎಕ್ಸೆಪ್ಶನ್ ಎಸೆಯುವುದಿಲ್ಲ, ಆದರೆ ಲೂಪ್ ನಡುವೆ ಸೇರಿದವರು ಅದಕ್ಕೆ ಕಾಣಿಸಬಹುದು, ಕಾಣಿಸದೆಯೂ ಇರಬಹುದು. ಸಂದೇಶ ಕಳುಹಿಸಲು ಇಷ್ಟು ಸಾಕು. ಒಂದು ಕ್ಷಣದ ನಿಖರ ಲೆಕ್ಕ ಬೇಕಾದಲ್ಲಿ ಸಾಲದು.

ಲೂಪ್ ಎಂದು ಕಾಣದ ಲೂಪ್‌ಗಳನ್ನೂ ಹುಡುಕಬೇಕು. ಲಾಗ್ ಸಾಲಿನಲ್ಲಿ ಪಟ್ಟಿಯ ಹೆಸರನ್ನು ಸ್ಟ್ರಿಂಗ್‌ಗೆ ಜೋಡಿಸಿದರೆ ಅದರ 'ಟುಸ್ಟ್ರಿಂಗ್' ಮೆಥಡ್ ಒಳಗೊಳಗೇ ಪಟ್ಟಿಯನ್ನೆಲ್ಲ ಓದುತ್ತದೆ. ನಾವೇ ಲಾಕ್ ಇಟ್ಟು ಕಾಯುತ್ತಿರುವ ಸಾದಾ ಅರೇಲಿಸ್ಟ್ ಆಗಿದ್ದರೆ, ಆ ಲಾಗ್ ಸಾಲೂ ಅದೇ ಲಾಕ್‌ನೊಳಗೇ ಇರಬೇಕು.